ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ತೊಟ್ಟಿಯ ತಳ ಉಬ್ಬಿತು, ಫ್ರೇಮು ತಿರುಚಿತು: ಏನು ಮಾಡಬೇಕು?

ಪ್ರಶ್ನೆ: ಸರ್, ಮಹಾಲಿಂಗಪುರದ ಹತ್ತಿರ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಟ್ರೇಲರ್, ಗೇಟು, ಶೆಡ್ಡು ಅಂತ ಕಬ್ಬಿಣದ ಕೆಲಸ ವರ್ಷಗಳಿಂದ ಮಾಡುತ್ತಿದ್ದೇವೆ. ಈ ಸಲ ಬೆಲ್ಲದ ಗಾಣದವರೊಬ್ಬರು ಕಬ್ಬಿನ ಹಾಲು ತುಂಬಿಡಲು ಎಸ್.ಎಸ್. ತೊಟ್ಟಿ ಕೇಳಿದರು. 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರ. 2 ಮಿ.ಮೀ. ದಪ್ಪದ 304 ದರ್ಜೆಯ ಎಸ್.ಎಸ್. ತಗಡು ತಂದು, ಐದು ತುಂಡು ಕತ್ತರಿಸಿ, ಆರ್ಗಾನ್ ವೆಲ್ಡಿಂಗ್ ಮಾಡಿದೆವು. ತಳ ನಡುವೆ ಉಬ್ಬಿದೆ. ಒತ್ತಿದರೆ ಡಬ್ ಅಂತ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಮೇಲಿನ ಅಂಚಿಗೆ ಹಾಕಿದ ಚೌಕ ಪೈಪಿನ ಫ್ರೇಮೂ ತಿರುಚಿಕೊಂಡಿದೆ. ಉಬ್ಬನ್ನು ಸುತ್ತಿಗೆಯಿಂದ ಬಡಿದು ನೋಡಿದೆವು, ಇನ್ನೂ ಜಾಸ್ತಿ ಆಯಿತು. ಕಬ್ಬಿಣಕ್ಕೆ ಹೀಗೆ ಆಗುವುದಿಲ್ಲ. ಇದನ್ನು ಸರಿ ಮಾಡಬಹುದಾ? ಲೇಸರ್ ವೆಲ್ಡಿಂಗ್ ಮಷಿನ್ ತಗೊಂಡರೆ ಈ ತೊಂದರೆ ಹೋಗುತ್ತದಾ?

ಉತ್ತರ:

ಮೊದಲು ಆ ಸುತ್ತಿಗೆ ಕೆಳಗಿಡಿ. ನಡುವೆ ಉಬ್ಬಿದೆ, ನಿಜ. ಆದರೆ ತಪ್ಪು ನಡುವೆ ಇಲ್ಲ, ಅಂಚಿನಲ್ಲಿದೆ. ಬೆಸುಗೆ ಹಾಕಿದ ಗೆರೆ ಕುಗ್ಗಿ ಗಿಡ್ಡವಾಗಿದೆ, ನಡುವಿನ ತಗಡು ಮೊದಲಿದ್ದಷ್ಟೇ ಇದೆ. ಸೀರೆಯ ಅಂಚಿಗೆ ದಾರ ಹಾಕಿ ಬಿಗಿಯಾಗಿ ಎಳೆದರೆ ಒಳಗಿನ ಬಟ್ಟೆ ನೆರಿಗೆ ಬೀಳುತ್ತದೆ ಅಲ್ವಾ, ಇಲ್ಲೂ ಅದೇ ಆಗಿದೆ. ಈಗ ನಡುವಿನ ತಗಡನ್ನು ಬಡಿದರೆ ಅದು ಇನ್ನಷ್ಟು ಹಿಗ್ಗುತ್ತದೆ. ಜಾಗ ಮಾತ್ರ ಅಷ್ಟೇ. ಹಾಗಾಗಿ ಉಬ್ಬು ಹೆಚ್ಚಾಯಿತು. ಇಷ್ಟು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಬೆಸುಗೆಯ ಗೆರೆ ಕಡಿಮೆ ಕುಗ್ಗಬೇಕು, ಕುಗ್ಗಿದ್ದು ಎಲ್ಲ ಕಡೆ ಸಮನಾಗಿ ಹಂಚಿಹೋಗಬೇಕು.

ಎಷ್ಟು ಕುಗ್ಗಿದರೆ ಎಷ್ಟು ಉಬ್ಬುತ್ತದೆ ಅನ್ನುವ ಲೆಕ್ಕ ಕೇಳಿದರೆ ನೀವು ನಂಬಲಿಕ್ಕಿಲ್ಲ. ನಿಮ್ಮ ತಳದ ಉದ್ದ ಸುಮಾರು 1200 ಮಿ.ಮೀ. ಅದರ ಎರಡು ಉದ್ದದ ಅಂಚು ಬರೀ 1 ಮಿ.ಮೀ. ಗಿಡ್ಡವಾಯಿತು ಅಂದುಕೊಳ್ಳಿ. ನಡುವಿನ ತಗಡು ಒಂದೇ ಕಮಾನಾಗಿ ಎದ್ದರೆ ಅದರ ಎತ್ತರ 21 ಮಿ.ಮೀ. ಹತ್ತಿರ ಬರುತ್ತದೆ. ಅರ್ಧ ಮಿ.ಮೀ. ಕುಗ್ಗಿದರೂ 15 ಮಿ.ಮೀ. ಏಳುತ್ತದೆ. ನಿಜವಾಗಿ ಅದು ಎರಡು ಮೂರು ಅಲೆಗಳಾಗಿ ಒಡೆಯುವುದರಿಂದ ಇಷ್ಟು ಕಾಣುವುದಿಲ್ಲ, ಆದರೆ ಟೇಪಿನಲ್ಲಿ ಗೊತ್ತೇ ಆಗದಷ್ಟು ಸಣ್ಣ ಕುಗ್ಗುವಿಕೆ ಕಣ್ಣಿಗೆ ಹೊಡೆಯುವ ಉಬ್ಬಾಗುವುದು ಹೀಗೆ.

ಈಗ, ಕಬ್ಬಿಣಕ್ಕೆ ಯಾಕೆ ಆಗುವುದಿಲ್ಲ? ಆಗುತ್ತದೆ, ಆದರೆ ಕಡಿಮೆ. ಒಂದು ಮೀಟರ್ ಉದ್ದದ ಕಬ್ಬಿಣ 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. 304 ಆದರೆ 1.7 ಮಿ.ಮೀ. ಇದು ಒಂದು ಕಾರಣ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಎಸ್.ಎಸ್. ಕಾವನ್ನು ಹರಿಯಗೊಡುವುದಿಲ್ಲ, ಕಬ್ಬಿಣದ ಮೂರನೇ ಒಂದು ಭಾಗದಷ್ಟು ಮಾತ್ರ ಸಾಗಿಸುತ್ತದೆ. ಅಂದರೆ ನೀವು ಕೊಟ್ಟ ಕಾವು ಬೆಸುಗೆಯ ಪಕ್ಕದಲ್ಲೇ ಗುಂಪಾಗಿ ಕೂರುತ್ತದೆ. ಅಲ್ಲಿನ ಲೋಹ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣಗಿನ ತಗಡು ಬಿಡುವುದಿಲ್ಲ, ಬಿಸಿಯಾಗಿ ಮೆತ್ತಗಾದ ಲೋಹ ತನ್ನೊಳಗೇ ಒತ್ತಿಕೊಂಡು ದಪ್ಪಗಾಗುತ್ತದೆ. ಆರಿದಾಗ ಕುಗ್ಗುತ್ತದಲ್ಲ, ಆಗ ಮೊದಲಿಗಿಂತ ಗಿಡ್ಡವಾಗಿ ನಿಲ್ಲುತ್ತದೆ. ಇನ್ನೊಂದು ಮಾತು, ನೀವು ಹೋಲಿಸುತ್ತಿರುವುದು ಟ್ರೇಲರಿನ 4 ಮಿ.ಮೀ. ಪ್ಲೇಟನ್ನು ಈ 2 ಮಿ.ಮೀ. ತಗಡಿಗೆ ಅನಿಸುತ್ತದೆ. ತಗಡು ಉಬ್ಬದೆ ತಡೆದುಕೊಳ್ಳುವ ಶಕ್ತಿ ದಪ್ಪದ ವರ್ಗದ ಲೆಕ್ಕದಲ್ಲಿ ಇರುತ್ತದೆ. ದಪ್ಪ ಅರ್ಧ ಆದರೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಮುಂದಿನ ತೊಟ್ಟಿಯ ಮಾತಿಗೆ ಬರೋಣ, ಯಾಕೆಂದರೆ ಅಲ್ಲೇ ನಿಮ್ಮ ಕೈಯಲ್ಲಿ ಜಾಸ್ತಿ ಇದೆ. ನನ್ನ ಪ್ರಕಾರ ಇಂಥ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಗೆಲುವು ವೆಲ್ಡಿಂಗ್ ಟಾರ್ಚ್ ಹಿಡಿಯುವ ಮೊದಲೇ ಆಗಿರುತ್ತದೆ. ಐದು ತುಂಡು ಕತ್ತರಿಸಿ ಪೆಟ್ಟಿಗೆ ಮಾಡುವುದು ಕಬ್ಬಿಣದ ಅಭ್ಯಾಸ. ನಿಮ್ಮ ಅಳತೆಗೆ ಲೆಕ್ಕ ಹಾಕಿ: ತಳದ ಸುತ್ತ 14 ಅಡಿ, ನಿಂತ ನಾಲ್ಕು ಮೂಲೆ ಎರಡೆರಡು ಅಡಿಯಂತೆ 8 ಅಡಿ, ಒಟ್ಟು 22 ಅಡಿ ಬೆಸುಗೆ. ಮೇಲಿನ ಫ್ರೇಮು ಬೇರೆ. ಅದರ ಬದಲು 8×4 ಅಡಿಯ ಒಂದು ಪೂರ್ತಿ ಶೀಟ್ ತಗೊಳ್ಳಿ. ಬೆಂಡಿಂಗ್ ಮಷಿನ್‌ನಲ್ಲಿ ಎರಡು ಕಡೆ ಮಡಚಿ, ಎರಡು ಅಡಿ ಗೋಡೆ, ಮೂರು ಅಡಿ ತಳ, ಮತ್ತೆ ಎರಡು ಅಡಿ ಗೋಡೆ. ಏಳು ಅಡಿ ಆಯಿತು. ಉಳಿದ ಒಂದು ಅಡಿಯಲ್ಲಿ ಎರಡೂ ಕಡೆ ಮೇಲಿನ ಅಂಚನ್ನು ಹೊರಗೆ ಮಡಚಿ, ಆ ಮಡಿಕೆಯೇ ನಿಮ್ಮ ಫ್ರೇಮು. ಈಗ ಉಳಿದದ್ದು ಎರಡು ತುದಿಯ ಬೆಸುಗೆ, ತಲಾ ಏಳು ಅಡಿ, ಒಟ್ಟು 14 ಅಡಿ. ಉದ್ದದ ಅಂಚುಗಳಲ್ಲಿ ಬೆಸುಗೆಯೇ ಇಲ್ಲ. ಅಂದರೆ ತಳವನ್ನು ಉದ್ದಕ್ಕೆ ಎಳೆಯುವ ದಾರವೇ ಇಲ್ಲ!

ತುದಿಯ ಎರಡು ತಗಡನ್ನೂ ಚಪ್ಪಟೆ ಹಾಕಬೇಡಿ. ತಟ್ಟೆಯ ಅಂಚಿನ ಹಾಗೆ ಮೂರು ಕಡೆ 30 ಮಿ.ಮೀ. ಒಳಕ್ಕೆ ಮಡಚಿ, ಆ ಮಡಿಕೆಯ ಅಂಚು ದೊಡ್ಡ ತಗಡಿನ ಅಂಚಿಗೆ ಮುಖಾಮುಖಿ ಕೂರುವಂತೆ ಮಾಡಿ. ಆಗ ಬೆಸುಗೆ ಮೂಲೆಯಲ್ಲಿ ಬರುವುದಿಲ್ಲ, ಮೂಲೆಯಿಂದ 30 ಮಿ.ಮೀ. ಆಚೆ ಬರುತ್ತದೆ, ಪಕ್ಕದಲ್ಲೇ ಇರುವ ಮಡಿಕೆ ತಗಡನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಜೊತೆಗೆ ಒಳಮೂಲೆ ಗುಂಡಗೆ, ನುಣುಪಾಗಿ ಸಿಗುತ್ತದೆ. ಕಬ್ಬಿನ ಹಾಲು ಸಂದಿಯಲ್ಲಿ ಕೂತರೆ ಹುಳಿಯುತ್ತದೆ, ಗಾಣದವರಿಗೆ ತೊಳೆಯಲು ಇದೇ ಅನುಕೂಲ. ಕೆಳಗಿನ ಎರಡು ಮೂಲೆಗಳಲ್ಲಿ ಮಡಿಕೆಗಳು ಸೇರುವಲ್ಲಿ ಸ್ವಲ್ಪ ಕಸರತ್ತು ಇದೆ, ರಟ್ಟಿನಲ್ಲಿ ಮೊದಲು ಕತ್ತರಿಸಿ ನೋಡಿಕೊಳ್ಳಿ. ಇಷ್ಟೇ ಅಲ್ಲ, ತಳಕ್ಕೆ ಮೂಲೆಯಿಂದ ಮೂಲೆಗೆ ತೀರಾ ಸಣ್ಣದೊಂದು ಮಡಿಕೆ ಕೊಡಿಸಿ, ಕಣ್ಣಿಗೆ ಕಂಡೂ ಕಾಣದಷ್ಟು. ಚಪ್ಪಟೆ ತಗಡಿಗೆ ಬಿಗಿ ಬರುತ್ತದೆ, ಹಾಲು ಆ ಮಡಿಕೆಯ ಕಡೆಗೆ ಇಳಿಯುತ್ತದೆ. ಊರಲ್ಲಿ 4 ಅಡಿಯ ಬೆಂಡಿಂಗ್ ಮಷಿನ್ ಇಲ್ಲದಿದ್ದರೆ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಜಾಬ್‌ವರ್ಕಿಗೆ ಮಾಡಿಸಿಕೊಳ್ಳಿ, ಕತ್ತರಿಸುವುದು ಮತ್ತು ಮಡಚುವುದು ಎರಡೂ ಒಂದೇ ಓಡಾಟದಲ್ಲಿ ಆಗುತ್ತದೆ. ಆ ಖರ್ಚು ನೋಡಿ ಹಿಂಜರಿಯಬೇಡಿ. ಎಂಟು ಅಡಿ ಬೆಸುಗೆ, ಅದರ ಗ್ರೈಂಡಿಂಗ್, ಬಫಿಂಗ್, ಆಮೇಲೆ ಉಬ್ಬು ತೆಗೆಯುವ ಪೇಚಾಟ, ಇವೆಲ್ಲ ಉಳಿಯುತ್ತವೆ.

ಅಂಚುಗಳು ಸರಿಯಾಗಿ ಕೂರಬೇಕು. 2 ಮಿ.ಮೀ. ತಗಡಿಗೆ ನಡುವೆ ಬೆಳಕು ಕಾಣದ ಹಾಗೆ ಕೂರಿಸಿ. ಸಂದಿ ಇದ್ದರೆ ಅದನ್ನು ತುಂಬಲು ಫಿಲ್ಲರ್ (ಕರಗಿಸಿ ತುಂಬುವ ತಂತಿ) ಹಾಕುತ್ತೀರಿ, ಹಾಕಿದ ಅಷ್ಟೂ ಲೋಹ ಕರಗಿದ್ದೇ, ಕರಗಿದ್ದೆಲ್ಲ ಕುಗ್ಗುತ್ತದೆ. ಮೂಲೆಯ ಬೆಸುಗೆಯಲ್ಲೂ ಇದೇ ಮಾತು. 2 ಮಿ.ಮೀ. ತಗಡಿಗೆ 2 ಮಿ.ಮೀ. ಕಾಲಿನ, ಅಂದರೆ ಮೂಲೆಯಿಂದ ಒಂದೊಂದು ತಗಡಿನ ಮೇಲೂ ಅಷ್ಟು ಅಗಲ ಹರಡುವ, ಬೆಸುಗೆ ಸಾಕು. ಗಟ್ಟಿ ಇರಲಿ ಅಂತ 4 ಮಿ.ಮೀ. ಹಾಕಿದರೆ ಲೋಹ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೋಗುತ್ತದೆ. ತಗಡು ಇರುವುದೇ 2 ಮಿ.ಮೀ., ಬೆಸುಗೆ ಎಷ್ಟು ದಪ್ಪ ಮಾಡಿದರೂ ತೊಟ್ಟಿಯ ಶಕ್ತಿ ಹೆಚ್ಚುವುದಿಲ್ಲ. ಫಿಲ್ಲರ್ ಬೇಕಾದಲ್ಲಿ 308ಎಲ್ ದರ್ಜೆಯದ್ದು ಬಳಸಿ.

ಟ್ಯಾಕ್, ಅಂದರೆ ತಗಡು ಜರುಗದಂತೆ ಮೊದಲು ಹಾಕುವ ಚುಕ್ಕೆ ಬೆಸುಗೆ, ಅದನ್ನು ಹಾಕುವ ಕ್ರಮದಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಟ್ಯಾಕ್ ಹಾಕುತ್ತಾ ಹೋಗಬೇಡಿ. ಎಸ್.ಎಸ್. ತಗಡಿನ ಅಂಚುಗಳು ಮುಂದೆ ಮುಂದೆ ಒಂದರ ಮೇಲೊಂದು ಏರುತ್ತವೆ. ಮೊದಲು ಎರಡು ತುದಿ, ಆಮೇಲೆ ನಡು, ಆಮೇಲೆ ಉಳಿದ ಅರ್ಧಗಳ ನಡು, ಹೀಗೆ ಒಡೆಯುತ್ತಾ ಬನ್ನಿ. 2 ಮಿ.ಮೀ. ತಗಡಿಗೆ 30ರಿಂದ 40 ಮಿ.ಮೀ. ಅಂತರ ಇಡಿ. ಕಬ್ಬಿಣಕ್ಕೆ ಇಷ್ಟು ಹತ್ತಿರ ಯಾರೂ ಹಾಕುವುದಿಲ್ಲ, ಇಲ್ಲಿ ಹಾಕಲೇಬೇಕು. ಟ್ಯಾಕ್ ಸಣ್ಣದಿರಲಿ, ಚುಕ್ಕೆಯಂತೆ. ಎಲ್ಲ ಟ್ಯಾಕ್ ಮುಗಿದ ಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಅಳತೆ ನೋಡಿ. ಸೊಟ್ಟ ಇದ್ದರೆ ಈಗಲೇ ಸರಿ ಮಾಡಿ, ಬೆಸುಗೆ ಆದ ಮೇಲೆ ಆಗುವುದಿಲ್ಲ.

ಬೆಸುಗೆ ಹಾಕುವಾಗಲೂ ಒಂದೇ ಸಮನೆ ಎಳೆದುಕೊಂಡು ಹೋಗಬಾರದು. 75ರಿಂದ 100 ಮಿ.ಮೀ. ತುಂಡು ಹಾಕಿ, ಟಾರ್ಚ್ ಎತ್ತಿ ಎದುರಿನ ತುದಿಗೆ ಹೋಗಿ, ಅಲ್ಲಿ ಅಷ್ಟೇ ಹಾಕಿ, ಮತ್ತೆ ಇಲ್ಲಿಗೆ ಬನ್ನಿ. ಪ್ರತಿ ತುಂಡನ್ನೂ ಹಿಮ್ಮುಖವಾಗಿ ಹಾಕಿ, ಅಂದರೆ ಕೆಲಸ ಎಡದಿಂದ ಬಲಕ್ಕೆ ಸಾಗಬೇಕಾದರೆ ಒಂದೊಂದು ತುಂಡು ಬಲದಿಂದ ಎಡಕ್ಕೆ, ಹಿಂದಿನ ತುಂಡಿನ ಕಡೆಗೆ ಬಂದು ಸೇರಬೇಕು. ಒಂದು ತುಂಡು ಹಾಕಿದ ಜಾಗಕ್ಕೆ ಅದು ಪೂರ್ತಿ ಆರುವ ಮೊದಲು ವಾಪಸ್ ಬರಬೇಡಿ. 304ಕ್ಕೆ ಹಿಂದಿನ ಬೆಸುಗೆ 150 ಡಿಗ್ರಿಗಿಂತ ಕೆಳಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ತೆಳು ತಗಡಿಗೆ ನಾನು ಇನ್ನೂ ಕಟ್ಟುನಿಟ್ಟು, ಕೈ ಇಡುವಷ್ಟು ಆರಲಿ ಅನ್ನುತ್ತೇನೆ. ಗನ್ ಥರ್ಮಾಮೀಟರ್ ಇದೆಯಲ್ಲ, ಹೊಳೆಯುವ ಎಸ್.ಎಸ್. ಮೇಲೆ ಅದನ್ನು ನಂಬಬೇಡಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಆಂಪ್ ಕಡಿಮೆ ಇಟ್ಟರೆ ತಗಡು ಸೊಟ್ಟಗಾಗುವುದಿಲ್ಲ ಅಂತ ಒಂದು ನಂಬಿಕೆ ಇದೆ. ಇದು ಅರ್ಧ ಸತ್ಯ. ನೋಡಬೇಕಾದದ್ದು ಒಂದು ಮಿ.ಮೀ. ಬೆಸುಗೆಗೆ ಎಷ್ಟು ಕಾವು ಹೋಯಿತು ಅನ್ನುವುದು. ವೋಲ್ಟನ್ನು ಆಂಪಿನಿಂದ ಗುಣಿಸಿ, 60ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಮಿ.ಮೀ. ಸಾಗಿದಿರಿ ಅದರಿಂದ ಭಾಗಿಸಿ. ಒಬ್ಬ ಹೆದರಿಕೊಂಡು 60 ಆಂಪ್, 10 ವೋಲ್ಟಿನಲ್ಲಿ ನಿಮಿಷಕ್ಕೆ 80 ಮಿ.ಮೀ. ಸಾಗುತ್ತಾನೆ, ಅವನ ಲೆಕ್ಕ ಮಿ.ಮೀ.ಗೆ 450 ಜೂಲ್. ಇನ್ನೊಬ್ಬ 90 ಆಂಪ್, 12 ವೋಲ್ಟ್ ಇಟ್ಟು ಚುರುಕಾಗಿ ನಿಮಿಷಕ್ಕೆ 180 ಮಿ.ಮೀ. ಹೋಗುತ್ತಾನೆ, ಅವನದ್ದು 360. ಆಂಪ್ ಜಾಸ್ತಿ ಇಟ್ಟವನ ತಗಡಿಗೇ ಕಡಿಮೆ ಕಾವು! ಅದಕ್ಕೇ ನಿಮ್ಮ ಕೈ ಎಷ್ಟು ವೇಗ ತಡೆಯುತ್ತದೋ ಅಷ್ಟಕ್ಕೆ ತಕ್ಕ ಆಂಪ್ ಇಡಿ. ಟಾರ್ಚಿನ ಟಂಗ್‌ಸ್ಟನ್ ಕಡ್ಡಿಯ ಮೊನೆ ಚೂಪಾಗಿರಲಿ, ಆರ್ಕ್ (ಮೊನೆಯಿಂದ ತಗಡಿಗೆ ಹಾರುವ ಕಿಡಿ) ಗಿಡ್ಡದಿರಲಿ, ಟಾರ್ಚ್ ಆಡಿಸಬೇಡಿ, ನೇರ ಗೆರೆ ಎಳೆಯಿರಿ. ಮಷಿನ್‌ನಲ್ಲಿ ಪಲ್ಸ್ (ಕರೆಂಟನ್ನು ಏರಿಸಿ ಇಳಿಸಿ ಕೊಡುವ ಸೌಲಭ್ಯ) ಇದ್ದರೆ ಬಳಸಿ. ಗೆರೆಯ ಬಣ್ಣ ನಿಮಗೆ ಹೇಳುತ್ತದೆ: ತಿಳಿ ಹೊನ್ನಿನ ಬಣ್ಣ ಇದ್ದರೆ ಚೆನ್ನಾಗಿದೆ, ಕಡು ನೀಲಿ ಆದರೆ ಕಾವು ಜಾಸ್ತಿ, ಬೂದು ಕಪ್ಪು ಆದರೆ ಕಾವೂ ಜಾಸ್ತಿ, ಗ್ಯಾಸಿನ ರಕ್ಷಣೆಯೂ ಸಾಲದು.

ತಾಮ್ರದ ಪಟ್ಟಿ ಇಟ್ಟುಕೊಳ್ಳಿ. ನಿಮ್ಮ ಶಾಪಿಗೆ ನಾನು ಒಂದೇ ಒಂದು ವಸ್ತು ಕೊಳ್ಳಿ ಅನ್ನುವುದಾದರೆ ಇದನ್ನೇ ಹೇಳುತ್ತೇನೆ. 25 ಮಿ.ಮೀ. ಅಗಲ, 6ರಿಂದ 10 ಮಿ.ಮೀ. ದಪ್ಪ, ಎರಡು ಮೂರು ಉದ್ದಗಳಲ್ಲಿ. ಜೋಡಣೆಯ ಹಿಂದೆ ಒಂದು, ಮುಂದೆ ಎರಡು ಪಕ್ಕದಲ್ಲಿ ಬಿಗಿಯಾಗಿ ಕ್ಲ್ಯಾಂಪ್ ಮಾಡಿ. ಎಸ್.ಎಸ್. ಸಾಗಿಸದ ಕಾವನ್ನು ತಾಮ್ರ ಎಳೆದುಕೊಳ್ಳುತ್ತದೆ, ತಗಡು ಏಳದಂತೆ ಹಿಡಿಯುತ್ತದೆ ಕೂಡ. ಸಡಿಲ ಇಟ್ಟರೆ ಸುಮ್ನೆ ಅಲಂಕಾರ, ತಗಡಿಗೆ ಒತ್ತಿಕೊಂಡಿರಬೇಕು. ಹಿಂದಿನ ಪಟ್ಟಿಗೆ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ ಅದರಲ್ಲಿ ಆರ್ಗಾನ್ ಬಿಟ್ಟರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಬೆಸುಗೆಯ ಹಿಂಬದಿ ಕಪ್ಪಾಗಿ ಗುಳ್ಳೆಗುಳ್ಳೆಯಾಗಿ ಸುಡುತ್ತದೆ. ಒಂದು ಎಚ್ಚರ: ಆರ್ಕ್ ತಾಮ್ರಕ್ಕೆ ತಾಗಬಾರದು. ಕರಗಿದ ತಾಮ್ರ ಎಸ್.ಎಸ್. ಒಳಗೆ ಇಳಿದರೆ ಬಿರುಕು ಬಿಡುತ್ತದೆ. ಸತುವಿನ ಲೇಪ ಇರುವ ಕ್ಲ್ಯಾಂಪ್, ಜಿ.ಐ. ಪಟ್ಟಿ ಹತ್ತಿರ ತರಲೇಬೇಡಿ, ಸತು ಇನ್ನೂ ಅಪಾಯ. ಕ್ಲ್ಯಾಂಪನ್ನು ಬೆಸುಗೆ ಪೂರ್ತಿ ಆರುವ ತನಕ ಬಿಚ್ಚಬೇಡಿ. ಗಡಿಬಿಡಿಯಲ್ಲಿ ಬಿಸಿ ಇರುವಾಗಲೇ ಬಿಚ್ಚಿದರೆ ಹಿಡಿದದ್ದೆಲ್ಲ ವ್ಯರ್ಥ.

ನೀರು ಹಾಕಿ ಆರಿಸಬಹುದಾ ಅಂತ ಕೇಳುವವರಿದ್ದಾರೆ. 304 ನೀರಿಗೆ ಗಡುಸಾಗುವುದಿಲ್ಲ, ಹಾಗಾಗಿ ಬೆಸುಗೆ ಗಟ್ಟಿಯಾದ ಮೇಲೆ ಒದ್ದೆ ಬಟ್ಟೆ ಒತ್ತಬಹುದು. ಆದರೆ ಇನ್ನೂ ಬೆಸುಗೆ ಆಗದ ಸಂದಿಗೆ ನೀರು ಇಳಿಯಬಾರದು, ಮುಂದಿನ ಬೆಸುಗೆಯಲ್ಲಿ ತೂತು ಬೀಳುತ್ತದೆ. ನಮ್ಮ ಕಡೆ ಬೋರಿನ ನೀರು ಎಷ್ಟೋ ಊರಲ್ಲಿ ಉಪ್ಪು, ಅದು ಒಣಗಿದಲ್ಲಿ ಕ್ಲೋರೈಡ್ ಉಳಿದು ಎಸ್.ಎಸ್. ಮೇಲೆ ಸಣ್ಣ ಗುಣಿ ಬೀಳಬಹುದು. ಶುದ್ಧ ನೀರಿನ ಘಟಕದ ನೀರು ಬಳಸಿ, ಒರೆಸಿ ಒಣಗಿಸಿ.

ಇನ್ನು ಈಗಿರುವ ತೊಟ್ಟಿ. ಉಬ್ಬು ಇಳಿಯಬೇಕಾದರೆ ಕುಗ್ಗಿದ ಗೆರೆ ಉದ್ದವಾಗಬೇಕು. ತಳದ ಸುತ್ತ ಬೆಸುಗೆ ಮತ್ತು ಅದರ ಪಕ್ಕದ 10ರಿಂದ 15 ಮಿ.ಮೀ. ಪಟ್ಟಿ, ಇಷ್ಟನ್ನೇ ಬಡಿಯಬೇಕು. ಕೆಳಗಡೆಯಿಂದ ಒಬ್ಬರು ಭಾರದ ನುಣುಪಾದ ಎಸ್.ಎಸ್. ಗಟ್ಟಿಯೊಂದನ್ನು ಒತ್ತಿ ಹಿಡಿಯಲಿ, ಒಳಗಿನಿಂದ ನೀವು ಚಪ್ಪಟೆ ಮುಖದ ಸುತ್ತಿಗೆಯಿಂದ ಹಗುರ ಏಟು, ಒಂದರ ಪಕ್ಕ ಒಂದು, ಗೆರೆಯುದ್ದಕ್ಕೂ. ಜೋರು ಏಟು ಬೇಡ. ಒಂದು ಸುತ್ತು ಬಡಿದು ತಳ ಒತ್ತಿ ನೋಡಿ, ಸಡಿಲು ಕಡಿಮೆ ಆಗಿದ್ದರೆ ಇನ್ನೊಂದು ಸುತ್ತು. ಸುತ್ತಿಗೆ ಎಸ್.ಎಸ್.ಗೆ ಮಾತ್ರ ಮೀಸಲಿರಲಿ. ಕಬ್ಬಿಣ ಬಡಿದ ಸುತ್ತಿಗೆ, ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ವೀಲ್, ತಂತಿ ಬ್ರಷ್, ಇವೆಲ್ಲ ಕಬ್ಬಿಣದ ಪುಡಿ ಅಂಟಿಸಿ ನಾಲ್ಕು ದಿನಕ್ಕೆ ತುಕ್ಕಿನ ಚುಕ್ಕೆ ಎಬ್ಬಿಸುತ್ತವೆ.

ನೀವು ಈಗಾಗಲೇ ನಡುವೆ ಬಡಿದು ಅಲ್ಲಿನ ತಗಡನ್ನು ಹಿಗ್ಗಿಸಿದ್ದೀರಿ, ಹಾಗಾಗಿ ಇದು ಪೂರ್ತಿ ಚಪ್ಪಟೆ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆಗದಿದ್ದರೆ ಉಬ್ಬನ್ನು ಕೆಳಮುಖವಾಗಿಯೇ ನಿಲ್ಲಿಸಿ. ತಳದ ಕೆಳಗೆ ಅಡ್ಡಲಾಗಿ ಎರಡು ಎಸ್.ಎಸ್. ಆ್ಯಂಗಲ್ ಇಟ್ಟು, ತಗಡನ್ನು ಅದಕ್ಕೆ ಒತ್ತಿ ಹಿಡಿದು, 20 ಮಿ.ಮೀ. ಬೆಸುಗೆ, 100 ಮಿ.ಮೀ. ಖಾಲಿ, ಹೀಗೆ ಬಿಟ್ಟು ಬಿಟ್ಟು ಹಾಕಿ. ಇದನ್ನು ಹಾಗೇ ಬಿಡಬೇಡಿ. ತೊಟ್ಟಿ ತುಂಬಿದರೆ 680 ಲೀಟರ್ ಹತ್ತಿರ ಹಾಲು, ಪ್ರತಿ ಸಲ ತುಂಬಿ ಖಾಲಿ ಮಾಡಿದಾಗ ತಳ ಡಬ್ ಡಬ್ ಅಂತ ಆಡಿದರೆ ಒಂದು ದಿನ ಬೆಸುಗೆಯ ಪಕ್ಕ ಸೀಳುತ್ತದೆ. ಮೇಲಿನ ಫ್ರೇಮಿನದ್ದು ಸುಲಭ: ಎದುರು ಬದುರಿನ ಎರಡು ಮೂಲೆಯಲ್ಲಿ ಕತ್ತರಿಸಿ, ಬಿಗಿ ಬಿಡಲಿ, ಸರಿಯಾಗಿ ಕೂರಿಸಿ ಮತ್ತೆ ಬೆಸೆಯಿರಿ.

ಕಬ್ಬಿಣಕ್ಕೆ ಮಾಡುವ ಹಾಗೆ ಗ್ಯಾಸಿನ ಬೆಂಕಿ ಕೊಟ್ಟು ನೀರು ಹೊಡೆದು ಎಳೆಯುವುದು ಬೇಡ. 304 ಎಸ್.ಎಸ್. 450ರಿಂದ 850 ಡಿಗ್ರಿ ನಡುವೆ ಹೊತ್ತು ಕಳೆದರೆ ಅದರ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕೂರುತ್ತದೆ, ತುಕ್ಕು ತಡೆಯುವ ಗುಣ ಅಲ್ಲಿ ಹೋಗುತ್ತದೆ. ಅಸಿಟಿಲಿನ್ ಜಾಸ್ತಿ ಇರುವ ಜ್ವಾಲೆ ಇನ್ನಷ್ಟು ಇಂಗಾಲ ಹತ್ತಿಸುತ್ತದೆ. ಕಬ್ಬಿನ ಹಾಲು ಸ್ವಲ್ಪ ಹುಳಿ ಇರುವ ವಸ್ತು, ಅದು ಅಂಥ ಜಾಗ ಹುಡುಕಿ ತಿನ್ನುತ್ತದೆ. ಮುಂದಿನ ಸಲ 304ಎಲ್ ತಗಡು ಸಿಕ್ಕರೆ ಅದನ್ನೇ ತನ್ನಿ, ಇಂಗಾಲ ಕಡಿಮೆ ಇರುವುದರಿಂದ ಈ ಭಯ ಕಡಿಮೆ. ಸೊಟ್ಟಗಾಗುವುದು ಮಾತ್ರ ಎರಡಕ್ಕೂ ಒಂದೇ. ಬೆಸುಗೆಯ ಬಣ್ಣವನ್ನು ಪಿಕ್ಲಿಂಗ್ ಪೇಸ್ಟಿನಿಂದ ತೆಗೆಯಿರಿ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಬರಿಗೈಯಲ್ಲಿ ಮುಟ್ಟಲೇಬಾರದು. ಕೈಗವಸು, ಕನ್ನಡಕ, ಬಯಲು ಗಾಳಿ ಇಲ್ಲದೆ ಡಬ್ಬಿ ತೆರೆಯಬೇಡಿ.

ಕೊನೆಗೆ ಲೇಸರ್. ಕೈಯಲ್ಲಿ ಹಿಡಿಯುವ ಫೈಬರ್ ಲೇಸರ್ ನಿಜವಾಗಿಯೂ ಒಳ್ಳೆಯದು. ಕಾವು ಸಣ್ಣ ಜಾಗಕ್ಕೆ ಬೀಳುತ್ತದೆ, ಕೈ ಆರ್ಗಾನ್ ವೆಲ್ಡಿಂಗ್‌ಗಿಂತ ಎಷ್ಟೋ ಪಟ್ಟು ವೇಗವಾಗಿ ಸಾಗುತ್ತದೆ, 2 ಮಿ.ಮೀ. ತಗಡಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಅಂಚು ಕೂರದ ಜಾಗದಲ್ಲಿ, ಅದರಲ್ಲೂ ವೈರ್ ಫೀಡರ್ (ಫಿಲ್ಲರ್ ತಂತಿ ತಾನಾಗಿ ಬಿಡುವ ಸಾಧನ) ಇಲ್ಲದಿದ್ದರೆ, ಅದು ಪರದಾಡುತ್ತದೆ. ನೀವು ಈಗ ಕತ್ತರಿಸುವ ರೀತಿಯಲ್ಲಿ ಕತ್ತರಿಸಿ ಲೇಸರ್ ಹಿಡಿದರೆ ಫಲ ಸಿಗದು. ಇನ್ನೊಂದು, ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ, ಹೊಳೆಯುವ ಎಸ್.ಎಸ್. ಮೇಲಿಂದ ಪುಟಿದು ದೂರದಲ್ಲಿ ನಿಂತವರ ಕಣ್ಣನ್ನೂ ಕೆಡಿಸುತ್ತದೆ. ಮಾಮೂಲಿ ಕಪ್ಪು ಗಾಜು ಸಾಲದು, ಆ ಲೇಸರಿನ ತರಂಗಕ್ಕೆಂದೇ ಮಾಡಿದ ಕನ್ನಡಕ ಬೇಕು, ಕೆಲಸದ ಜಾಗಕ್ಕೆ ಮರೆ ಬೇಕು. ರಸ್ತೆಗೆ ತೆರೆದ ಶಾಪಿನಲ್ಲಿ ಮಕ್ಕಳು, ಗಿರಾಕಿಗಳು ಓಡಾಡುವಾಗ ಅದನ್ನು ಹಚ್ಚಲೇಬಾರದು. ವರ್ಷಕ್ಕೆ ಒಂದೆರಡು ತೊಟ್ಟಿಗಾಗಿ ಅದನ್ನು ಕೊಳ್ಳಬೇಡಿ. ಮುಂದಿನ ಕಬ್ಬಿನ ಸೀಸನ್‌ಗೆ ಗಾಣದವರ ಆರ್ಡರ್ ಸಾಲಾಗಿ ಬಂದರೆ ಆಗ ಯೋಚಿಸಿ, ಅಲ್ಲಿಯ ತನಕ ಬೆಂಡಿಂಗ್ ಜಾಬ್‌ವರ್ಕು ಮತ್ತು ನಾಲ್ಕು ತಾಮ್ರದ ಪಟ್ಟಿಗೆ ದುಡ್ಡು ಹಾಕಿ.